ಪಠ್ಯಪುಸ್ತಕಕ್ಕೆ ದನಿ ಬರಲಿ

ಐದನೇ ತರಗತಿಗೆ ಬಂದರೂ ‘ಹಕ್ಕಿ’ಯನ್ನು ‘ಹಕಿ’ ಎಂದು ಓದುವ ಮಕ್ಕಳು ಕೊಡಗಿನ ಮೂರ್ನಾಡಿನ ಸುತ್ತಮುತ್ತ ಯಾವ ಶಾಲೆಗೆ ಹೋದರೂ ಒಂದಿಬ್ಬರು ಸಿಗುತ್ತಾರೆ. ಅದೇ ಪಾಠವನ್ನು ಟೀಚರ್ ಓದಿ ಹೇಳಿದರೆ ಉತ್ತರ ಪಟ್ಟನೆ ಬರುತ್ತದೆ. ಬರೆಯಲು ಕೂತರೆ ಅರ್ಧ ಸಾಲಿಗೇ ಪೆನ್ಸಿಲ್ ನಿಲ್ಲುತ್ತದೆ. ಇಂಥ ಮಗುವನ್ನು ದಡ್ಡ, ಸೋಮಾರಿ ಎಂದು ಕರೆದುಬಿಡುತ್ತೇವೆ. ಇಲ್ಲವೇ, ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಆಡುವ ಮಗು, ಕನ್ನಡ ನಿಧಾನಕ್ಕೆ ಬರುತ್ತದೆ ಬಿಡಿ ಎಂದು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಿರುವಾಗಲೇ ಹೈಸ್ಕೂಲು ಬಂದಿರುತ್ತದೆ.

ಕನ್ನಡದ ಗುಣಿತ, ಒತ್ತಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ ಎಂದು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಹಾಗಾಗಿ ತಡವಾಗಿ ಕಲಿಯುವ ಮಗು ಯಾವುದು, ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕು ಇರುವ ಮಗು ಯಾವುದು ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಅದನ್ನು ಪತ್ತೆಹಚ್ಚಲು ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಎಂಬ ಪರೀಕ್ಷೆ ಕನ್ನಡದಲ್ಲೂ ಇದೆ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ತಪಾಸಣೆ ಆಗುತ್ತದೆ. ಆದರೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಆ ಪ್ರಯಾಣಕ್ಕೆ ತೋಟದ ಕೂಲಿಯವರು ಎಷ್ಟು ದಿನದ ಸಂಬಳ ಬಿಡಬೇಕು?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯನ್ನು 21 ಅಂಗವೈಕಲ್ಯಗಳಲ್ಲಿ ಸೇರಿಸಿದೆ. ಅದನ್ನು ಬೇಗ ಗುರುತಿಸುವುದು ಶಿಕ್ಷಣ ಸಂಸ್ಥೆಯ ಕರ್ತವ್ಯ ಎಂದೂ ಹೇಳಿದೆ.

ತಪಾಸಣೆ ಆಗುವವರೆಗೆ ಕಾಯಬೇಕಾಗಿಯೂ ಇಲ್ಲ. ಬಹುತೇಕ ಮನೆಗಳಲ್ಲಿರುವ ಸ್ಮಾರ್ಟ್‌ಫೋನೇ ಕನ್ನಡವನ್ನು ಗಟ್ಟಿಯಾಗಿ ಓದುತ್ತದೆ. 2017ರಿಂದ ಗೂಗಲ್‌ನಲ್ಲಿ ಕನ್ನಡದ ದನಿ ಟೈಪಿಂಗ್ ಇದೆ. ಮಗು ಹೇಳಿದ್ದು ಅಕ್ಷರವಾಗುತ್ತದೆ, ಆ ಅಕ್ಷರವನ್ನು ನೋಡುತ್ತ ಮಗು ಮತ್ತೆ ಕೇಳಬಹುದು. ಕಣ್ಣು ತಡವರಿಸುವಲ್ಲಿ ಕಿವಿ ದಾರಿ ತೋರಿಸುತ್ತದೆ. ಇದನ್ನು ಕಳ್ಳದಾರಿ ಎನ್ನುವ ಮೇಷ್ಟ್ರುಗಳಿದ್ದಾರೆ. ವಿಜ್ಞಾನದ ಪಾಠದಲ್ಲಿ ಮಗು ಕಲಿಯಬೇಕಾದದ್ದು ವಿಜ್ಞಾನ. ಒತ್ತಕ್ಷರದಲ್ಲಿ ಎಡವಿದ್ದಕ್ಕೆ ಅದನ್ನೂ ಕಸಿದುಕೊಳ್ಳುವುದು ಅನ್ಯಾಯ.

ತೊಡಕಿರುವುದು ಪುಸ್ತಕದಲ್ಲೇ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಸಿದ್ಧಪಡಿಸಿದ ಪಿಡಿಎಫ್ ನಮ್ಮ ಕಣ್ಣಿಗೆ ಚೆಂದದ ಕನ್ನಡ. ಫೋನಿಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಓದು ಎಂದರೆ ಏನೇನೋ ಒದರುತ್ತದೆ. ಬಿಡಿಸುವ ದಾರಿಯೂ ನಮ್ಮಲ್ಲೇ ಹುಟ್ಟಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡದ ‘ಲಿಪಿಜ್ಞಾನಿ’ ತಂತ್ರಾಂಶ ಕನ್ನಡ ಲಿಪಿಯ ಮುದ್ರಿತ ಪುಟವನ್ನು, ಭಾಷೆ ಯಾವುದೇ ಇರಲಿ, ಪಠ್ಯವಾಗಿ ಬದಲಿಸುತ್ತದೆ. ಅದಕ್ಕಿಂತ ಸುಲಭದ ಕೆಲಸ, ಪುಸ್ತಕವನ್ನೇ ಯೂನಿಕೋಡ್‌ನಲ್ಲಿ ಪ್ರಕಟಿಸುವುದು.

ಪರೀಕ್ಷೆಯಲ್ಲೂ ಮನಸ್ಸು ದೊಡ್ಡದಾಗಬೇಕು. ವಿಶೇಷ ಅಗತ್ಯವುಳ್ಳ ಮಕ್ಕಳು ಕಂಪ್ಯೂಟರ್ ಬಳಸಲು ಸಿಬಿಎಸ್‌ಇ 2018ರಲ್ಲಿ ಒಪ್ಪಿತು. ಕನ್ನಡದಲ್ಲಿ ಬರೆಯುವ ಮಗುವಿಗೂ ಅದು ಸಲ್ಲಬೇಕು.

ಜೂನ್ ಬಂತೆಂದರೆ ನಮ್ಮಲ್ಲಿ ಮಳೆ ಹಿಡಿಯುತ್ತದೆ, ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಶಾಲೆ ತೆರೆಯುವ ಮೊದಲೇ ಕ್ಷೇತ್ರ ಸಂಪನ್ಮೂಲ ಕೇಂದ್ರದವರು (ಬಿಆರ್‌ಸಿ) ಪಾಠಗಳನ್ನೂ ಕನ್ನಡದ ದನಿಯನ್ನೂ ಪೋಷಕರ ಫೋನಿಗೆ ಇಳಿಸಿಕೊಡಲಿ. ಹೇಗೆ ಕೇಳಿಸುವುದೆಂದು ತಾಯಂದಿರಿಗೆ ಒಂದು ಮಧ್ಯಾಹ್ನ ಕೂರಿಸಿ ತೋರಿಸಲಿ.