ಕಾಯ್ದೆ ಮಾಡುವ ಧಣಿಗಳಿಗೆ ಕಾಯ್ದೆ ಯಾಕಿಲ್ಲ?

ಊರಿಗೆಲ್ಲ ಕಟ್ಟುಪಾಡು ಹಾಕುವ ಗೌಡ, ತನ್ನ ಜೀತದಾಳಿನ ಮಾತು ಬಂದರೆ 'ಅದು ನಮ್ಮನೆ ವಿಚಾರ, ಕೇಳೋಕೆ ನೀವ್ಯಾರು?' ಅಂತಾನೆ. ಜಗತ್ತಿಗೆಲ್ಲ ಪ್ರಜಾಪ್ರಭುತ್ವದ ಪಾಠ ಹೇಳುವ ಅಮೆರಿಕದ ಸಂಸತ್ತು ದಶಕಗಳ ಕಾಲ ಆಡಿದ್ದೂ ಇದೇ ಮಾತು.

1938ರಲ್ಲಿ ಕನಿಷ್ಠ ಕೂಲಿ ಕಾಯ್ದೆ. 1964ರಲ್ಲಿ ಬಣ್ಣ ನೋಡಿ, ಹೆಣ್ಣು ಅಂತ ನೋಡಿ ಕೆಲಸ ಕಸಿಯಬಾರದೆಂಬ ಕಾಯ್ದೆ. 1970ರಲ್ಲಿ ದುಡಿಯುವ ಜಾಗದ ಸುರಕ್ಷತೆಯ ಕಾಯ್ದೆ. ಇವು ಯಾರೂ ಹಾಕಿದ ಭಿಕ್ಷೆಯಲ್ಲ. ಕರಿಯರು, ಹೆಂಗಸರು, ಕೂಲಿಕಾರರು ಬೀದಿಗಿಳಿದು ಕಿತ್ತುಕೊಂಡದ್ದು. ಗಿರಣಿ ಮಾಲೀಕ ಪಾಲಿಸಬೇಕು, ಅಂಗಡಿಯವನು ಪಾಲಿಸಬೇಕು. ಕೈಯೆತ್ತಿ ಪಾಸು ಮಾಡಿದವರು ಮಾತ್ರ ಹೊರಗೆ!

ಆ ಸಂಸತ್ ಭವನ ಕಟ್ಟಲು ದುಡಿದವರಲ್ಲಿ ಕರಿಯ ಗುಲಾಮರಿದ್ದರು. ಅವರ ಕೂಲಿ ಸೇರಿದ್ದು ಧಣಿಗಳ ಜೇಬಿಗೆ. 1978ರಲ್ಲಿ ಸೆನೆಟರ್ ಜಾನ್ ಗ್ಲೆನ್ ಆ ಜಾಗವನ್ನು 'ಕೊನೆಯ ಗುಲಾಮಿ ತೋಟ' ಎಂದು ಕರೆದದ್ದು ಸುಮ್ಮನೆ ಅಲ್ಲ. 1974ರಲ್ಲಿ ಒಟ್ಟೋ ಪಾಸ್‌ಮನ್ ಎಂಬ ಸದಸ್ಯ ತನ್ನ ಕಚೇರಿಯ ಹೆಣ್ಣುಮಗಳೊಬ್ಬಳನ್ನು, 'ದುಡಿಮೆಗಾರ್ತಿ ನಿಜ, ಆದರೆ ಈ ಜಾಗಕ್ಕೆ ಗಂಡಸೇ ಬೇಕು' ಎಂಬರ್ಥದ ಕಾಗದ ಬರೆದು ಹೊರಹಾಕಿದ. 1964ರ ಕಾಯ್ದೆ ಆಕೆಯ ನೆರವಿಗೆ ಬರಲಿಲ್ಲ. ಸಂವಿಧಾನವನ್ನೇ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ, 1979ರಲ್ಲಿ, 'ಈಕೆ ದಾವೆ ಹೂಡಬಹುದು' ಎಂಬಷ್ಟು ಮಾತು ಸಿಕ್ಕಿತು.

ಇದಕ್ಕೆ ಧಣಿಗಳ ಸಮರ್ಥನೆ ಏನು ಗೊತ್ತೆ? ಸರ್ಕಾರದ ಇನ್ಸ್‌ಪೆಕ್ಟರು ಒಳಗೆ ಬಂದರೆ ಶಾಸಕಾಂಗದ ಸ್ವಾತಂತ್ರ್ಯ ಕೆಡುತ್ತಂತೆ! ಸ್ವಾಮಿ, ಸ್ವಾತಂತ್ರ್ಯ ಇರಬೇಕಾದ್ದು ನಿಮ್ಮ ನಾಲಿಗೆಗೆ, ನಿಮ್ಮ ಮತಕ್ಕೆ. ಟೈಪಿಸ್ಟಿನ ಮೇಲೆ, ಕಸ ಗುಡಿಸುವವನ ಮೇಲೆ ಕೈ ಮಾಡಲಿಕ್ಕಲ್ಲ.

ನಡುವೆ ಒಂದಿಷ್ಟು ತೇಪೆ ಹಾಕಿ, ಕಡೆಗೆ 1995ರ ಜನವರಿಯಲ್ಲಿ 11 ಕಾರ್ಮಿಕ ಕಾಯ್ದೆಗಳನ್ನು ತಮಗೂ ಅನ್ವಯಿಸಿಕೊಂಡರು. ಆದರೆ ಹೊಸ್ತಿಲು ಎಷ್ಟು ಎತ್ತರ ಕಟ್ಟಿದರು ನೋಡಿ. ನೊಂದ ನೌಕರಳಿಗೆ 30 ದಿನ ಸಲಹೆ, 30 ದಿನ ಸಂಧಾನ, ಮತ್ತೆ 30 ದಿನ ಕಾಯುವಿಕೆ, ಆಮೇಲೆ ಕೋರ್ಟು. ರಾಜಿಯಾದರೆ ಹಣ ಸದಸ್ಯನದಲ್ಲ, ಜನರ ಖಜಾನೆಯದು. ಮೈ ಮುಟ್ಟಿದವನು ಒಬ್ಬ, ದಂಡ ಕಟ್ಟುವವರು ಊರವರು!

2017ರಲ್ಲಿ ಹೆಂಗಸರು ಬಾಯಿ ಬಿಟ್ಟ ಮೇಲೆ 2018ರ ಡಿಸೆಂಬರಿನಲ್ಲಿ ತಿದ್ದುಪಡಿ ಬಂತು. ಕಿರುಕುಳ ಕೊಟ್ಟ ಸದಸ್ಯ ಈಗ ಹಣ ಮರಳಿ ಕಟ್ಟಬೇಕು. ಬಣ್ಣ ನೋಡಿ ಕೆಲಸ ಕೊಡದವನಿಗೆ? ಅವನ ಜೇಬಿಗೆ ಇಂದಿಗೂ ಕೈ ಹೋಗಿಲ್ಲ. 2022ರ ಮೇನಲ್ಲಿ ಕೆಳಮನೆಯ ನೌಕರರಿಗೆ ಸಂಘ ಕಟ್ಟುವ ಹಕ್ಕು ಕೊಟ್ಟರು. 2023ರ ಜನವರಿಯಲ್ಲಿ ಬಹುಮತ ಬದಲಾಯಿತು. ಹೊಸಬರು ಅದನ್ನು ಕಿತ್ತುಕೊಂಡರು. ಧಣಿ ಕೊಟ್ಟ ಹಕ್ಕು ಧಣಿಯ ಮರ್ಜಿ ಇರುವತನಕ.

ಗೆಳೆಯರೇ, ಕಾಯ್ದೆ ಬಂತು ಅಂತ ಚಪ್ಪಾಳೆ ತಟ್ಟುವ ಮೊದಲು ಮೂರು ಪ್ರಶ್ನೆ ಕೇಳೋಣ. ಬರೆದವನಿಗೂ ಇದು ಅನ್ವಯವಾ? ದೂರು ಕೊಟ್ಟವಳ ಕೆಲಸ ಉಳಿಯುತ್ತಾ? ದಂಡ ಯಾರ ಜೇಬಿನಿಂದ?

ಉತ್ತರ ಬರದಿದ್ದರೆ ಅದು ಕಾಯ್ದೆಯಲ್ಲ, ಧಣಿಯ ಬೇಲಿ.