ಬಾಯಿ ಜೋರು, ಮನಸ್ಸು ಬೆಣ್ಣೆ

ಊರ ಕಡೆ ಒಂದು ಮಾತಿದೆ, ನೀವೆಲ್ಲ ಕೇಳಿರ್ತೀರಿ. ಯಜಮಾನ ಆಳನ್ನು ಹತ್ತು ಜನರ ಎದುರು ಬಾಯಿಗೆ ಬಂದ ಹಾಗೆ ಬೈದಿರುತ್ತಾನೆ. ಆಳು ತಲೆ ತಗ್ಗಿಸಿ ನಿಂತಿರುತ್ತಾನೆ. ಆಗ ಪಕ್ಕದಲ್ಲಿದ್ದವನೊಬ್ಬ ಸಮಾಧಾನ ಹೇಳುತ್ತಾನೆ: "ಅವರ ಬಾಯಿ ಸ್ವಲ್ಪ ಜೋರು ಕಣಯ್ಯ, ಮನಸ್ಸು ಮಾತ್ರ ಬೆಣ್ಣೆ." ಈ ಮಾತನ್ನು ಯಜಮಾನ ತಾನಾಗಿ ಹೇಳುವುದಿಲ್ಲ. ಅವನಿಗೆ ಅದರ ಗರಜಿಲ್ಲ. ಅವನ ಪರವಾಗಿ ಹೇಳುವವರು ಯಾವಾಗಲೂ ಇರುತ್ತಾರೆ. ಬೈಸಿಕೊಂಡವನ ಪರವಾಗಿ ಬಾಯಿ ಬಿಡುವವರು ಮಾತ್ರ ಸಿಗುವುದಿಲ್ಲ.

ಇದು ನಮ್ಮ ಊರಿನ ಮಾತು ಮಾತ್ರ ಅಂತ ತಿಳಿಯಬೇಡಿ. ಲಂಡನ್ನಿನಲ್ಲಿ ಸೂಟು ಹಾಕಿಕೊಂಡವರು ಇಂಗ್ಲಿಷಿನಲ್ಲಿ ಇದನ್ನೇ ಹೇಳುತ್ತಾರೆ. ಸಂಬಳ ತಗೊಂಡು ಇದೇ ಕೆಲಸ ಮಾಡುವ ಜನಕ್ಕೆ ಅಲ್ಲಿ 'ಸ್ಪಿನ್ ಡಾಕ್ಟರ್' ಅಂತ ಹೆಸರು. ನಮ್ಮ ಪ್ರಸನ್ನ, ಚಂದ್ರಶೇಖರ್ ಹಾಕುತ್ತಿದ್ದ ಸ್ಪಿನ್ನಿನಲ್ಲಿ ಚೆಂಡು ತಿರುಗುತ್ತಿತ್ತು, ಆದರೆ ಅದೇ ಚೆಂಡು ತಿರುಗುತ್ತಿತ್ತು. ಈ ಡಾಕ್ಟರುಗಳ ಕೈಗೆ ಸಿಕ್ಕರೆ ಚೆಂಡೇ ಬದಲಾಗಿಬಿಡುತ್ತದೆ. ಹೇಗೆ ಅನ್ನುವುದನ್ನು ನೀವು ತಿಳಿದುಕೊಂಡಿರಬೇಕು. ನಾಳೆ ನಿಮ್ಮಲ್ಲಿ ಅರ್ಧ ಜನ ಯಾವುದಾದರೂ ಆಫೀಸಿನಲ್ಲಿ ಸಾಹೇಬರ ಮುಂದೆ ಫೈಲು ಹಿಡಿದು ನಿಲ್ಲುತ್ತೀರಿ. ಕೆಲವರು ಸಾಹೇಬರೇ ಆಗುತ್ತೀರಿ.

2010ರ ಫೆಬ್ರವರಿ 21, ಭಾನುವಾರ. ಆಗ ಬ್ರಿಟನ್ನಿನ ಪ್ರಧಾನಿ ಲೇಬರ್ ಪಕ್ಷದ ಗಾರ್ಡನ್ ಬ್ರೌನ್. ಅವತ್ತು 'ಅಬ್ಸರ್ವರ್' ಪತ್ರಿಕೆಯಲ್ಲಿ ಆಂಡ್ರ್ಯೂ ರಾನ್‌ಸ್ಲಿ ಎಂಬ ಪತ್ರಕರ್ತರ ಪುಸ್ತಕದ ಭಾಗಗಳು ಅಚ್ಚಾದವು. ಪ್ರಧಾನಿ ಸಿಟ್ಟು ಬಂದಾಗ ತಮ್ಮ ಸಿಬ್ಬಂದಿಯ ಮೇಲೆ ಕೂಗಾಡುತ್ತಾರೆ, ಒಬ್ಬರ ಕೋಟಿನ ಕಾಲರಿಗೆ ಕೈ ಹಾಕಿದ್ದರು, ಟೈಪು ಮಾಡುವುದು ನಿಧಾನವಾಯಿತೆಂದು ಒಬ್ಬ ಕಾರ್ಯದರ್ಶಿಯನ್ನು ಕುರ್ಚಿಯಿಂದ ಎಬ್ಬಿಸಿ ತಾವೇ ಕೂತರು ಅಂತ ಅದರಲ್ಲಿತ್ತು. ಸರ್ಕಾರದ ಅತ್ಯಂತ ಹಿರಿಯ ಅಧಿಕಾರಿಯೇ ಪ್ರಧಾನಿಗೆ ಎಚ್ಚರಿಕೆ ಹೇಳಿದ್ದರು ಅಂತಲೂ ಇತ್ತು. ಪ್ರಧಾನಿಯ ಕಚೇರಿ ಇದೆಲ್ಲ ದುರುದ್ದೇಶದ, ಬುಡವಿಲ್ಲದ ಆರೋಪ ಅಂದಿತು. ಹಿರಿಯ ಅಧಿಕಾರಿ ಹಾಗೆ ಎಚ್ಚರಿಕೆ ಹೇಳಿಲ್ಲ ಅಂತ ಸಂಪುಟ ಕಚೇರಿ ಹೇಳಿಕೆ ಕೊಟ್ಟಿತು. ವಿಚಾರಣೆ ನಡೆಯಲೇ ಇಲ್ಲ. ಆದ್ದರಿಂದ ತಪ್ಪು ಮಾಡಿದರು ಅಂತ ತೀರ್ಪು ಕೊಡಲು ನಾವಿಲ್ಲಿ ಕೂತಿಲ್ಲ. ನಾವು ನೋಡಬೇಕಾದ್ದು, ಆ ಒಂದು ವಾರದಲ್ಲಿ ಚೆಂಡು ಹೇಗೆ ಬದಲಾಯಿತು ಅನ್ನುವುದನ್ನು.

ಮೊದಲು ಹೆಸರು ಬದಲಾಯಿತು. ಅದೇ ಭಾನುವಾರ ಮಂತ್ರಿ ಪೀಟರ್ ಮ್ಯಾಂಡಲ್ಸನ್ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡರು. ಅವರು ದಬಾಯಿಸುವವರಲ್ಲ, ಜನರಿಂದ ಹೆಚ್ಚು ನಿರೀಕ್ಷೆ ಮಾಡುವವರು, ತಮ್ಮಿಂದಲೂ ಅಷ್ಟೇ ನಿರೀಕ್ಷೆ ಮಾಡುವವರು, ಸ್ವಲ್ಪ ತಾಳ್ಮೆ ಕಮ್ಮಿ, ಅಷ್ಟೇ ಅಂದರು. ಇಂಥ ಬಿರುಗಾಳಿಯ ಹೊತ್ತಿನಲ್ಲಿ ಚುಕ್ಕಾಣಿ ಹಿಡಿಯಲು ನಿಮಗೆ ಅಂಜುಬುರುಕ ಬೇಕೇನು ಅಂತ ತಿರುಗಿ ಕೇಳಿದರು. ನೋಡಿ, ಪ್ರಶ್ನೆ ಇದ್ದದ್ದು ಟೈಪಿಸ್ಟಿನ ಬಗ್ಗೆ, ಉತ್ತರ ಬಂದದ್ದು ಹಡಗಿನ ಬಗ್ಗೆ. 2008ರಲ್ಲಿ ಬ್ಯಾಂಕುಗಳು ಮುಳುಗುವಾಗ ಬ್ರೌನ್ ದುಡಿದದ್ದು ನಿಜ. ಆದರೆ ಹಡಗು ನಡೆಸುವವನಿಗೆ, ಕೆಳಗೆ ಒಲೆಗೆ ಕಲ್ಲಿದ್ದಲು ಹಾಕುವವನ ಕಾಲರು ಹಿಡಿಯುವ ಹಕ್ಕು ಯಾವ ಕಾನೂನಿನಲ್ಲಿ ಬಂತು? ಬಿರುಗಾಳಿ ಇಬ್ಬರಿಗೂ ಒಂದೇ ಅಲ್ಲವೇ?

ಎರಡನೆಯದು, ಕೇಳಿದ್ದನ್ನು ಬಿಟ್ಟು ಬೇರೆಯದನ್ನು ಅಲ್ಲಗಳೆಯುವುದು. ಪುಸ್ತಕದ ಭಾಗಗಳು ಹೊರಬರುವ ಹೊತ್ತಿಗೇ ಬ್ರೌನ್ ಒಂದು ಸಂದರ್ಶನದಲ್ಲಿ, ನನ್ನ ಜೀವಮಾನದಲ್ಲಿ ನಾನು ಯಾರಿಗೂ ಹೊಡೆದಿಲ್ಲ ಅಂದರು. ಹೊಡೆದರಂತೆ ಅನ್ನುವುದು ಗಾಳಿಮಾತಾಗಿತ್ತು. ಅಚ್ಚಾದದ್ದು ಕೂಗಾಟ, ತಳ್ಳಾಟ, ಕಾಲರಿನ ಮಾತು. ಹೊಡೆದಿಲ್ಲ ಅಂದ ತಕ್ಷಣ ಕೇಳುವವನ ಮನಸ್ಸಿನಲ್ಲಿ ಅಳತೆಗೋಲು ಕೆಳಕ್ಕೆ ಇಳಿಯುತ್ತದೆ. ಹೊಡೆಯದಿದ್ದರೆ ಸರಿ, ಉಳಿದದ್ದೆಲ್ಲ ನಡೆಯುತ್ತದೆ ಅಂತಾಗುತ್ತದೆ. ಅವಮಾನಕ್ಕೆ ಗಾಯದ ಗುರುತು ಇರುವುದಿಲ್ಲ ಅನ್ನುವುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಹೇಳಿದವರನ್ನೇ ಕಟಕಟೆಗೆ ಹತ್ತಿಸುವುದು. ಕೆಲಸದ ಜಾಗದಲ್ಲಿ ಕಿರುಕುಳ ಅನುಭವಿಸುವವರು ಫೋನು ಮಾಡಿ ಸಲಹೆ ಕೇಳಬಹುದಾದ ಒಂದು ಧರ್ಮಾರ್ಥ ಸಂಸ್ಥೆ ಅಲ್ಲಿತ್ತು. ಪ್ರಧಾನಿಯ ಕಚೇರಿಯಿಂದಲೂ ನಮಗೆ ಕೆಲವು ಕರೆ ಬಂದಿವೆ ಅಂತ ಅದರ ಮುಖ್ಯಸ್ಥೆ ಹೇಳಿದರು. ಅವರು ಹಾಗೆ ಹೇಳಿದ್ದು ತಪ್ಪು. ಗುಟ್ಟಾಗಿ ಇಡುತ್ತೇವೆ ಅಂತ ನಂಬಿಸಿ ಕೇಳಿದ್ದನ್ನು ಹೆಸರು ಹೇಳದೆಯೂ ಬೀದಿಗೆ ತರಬಾರದು. ಆ ಸಂಸ್ಥೆಯ ಪೋಷಕರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು. ವಿರೋಧ ಪಕ್ಷವಾದ ಕನ್ಸರ್ವೇಟಿವ್ ಪಕ್ಷದ ಸಂಸದೆ ಆನ್ ವಿಡ್ಡೆಕೋಂಬ್ ಕೂಡ ಹೊರಗೆ ಬಂದರು. ಕೆಲವೇ ದಿನಗಳಲ್ಲಿ ಸಂಸ್ಥೆ ತನ್ನ ಕೆಲಸವನ್ನೇ ನಿಲ್ಲಿಸಬೇಕಾಯಿತು.

ಆಮೇಲೆ ಏನಾಯಿತು? ಪತ್ರಿಕೆಗಳ ತುಂಬ ಆ ಸಂಸ್ಥೆಯದೇ ಸುದ್ದಿ. ಅದನ್ನು ನಡೆಸುವವರು ಯಾರು, ಅವರ ಹಿಂದೆ ಯಾವ ಪಕ್ಷ ಇದೆ, ಲೆಕ್ಕಪತ್ರ ಸರಿ ಇದೆಯೋ ಇಲ್ಲವೋ. ಕರೆ ಮಾಡಿದವರು ಏನು ಅನುಭವಿಸಿದ್ದರು ಅಂತ ಕೇಳುವವರೇ ಇಲ್ಲ. ವಾರ ಕಳೆಯುವುದರೊಳಗೆ ಕುರ್ಚಿಯಿಂದ ಎದ್ದ ಆ ಕಾರ್ಯದರ್ಶಿಯ ಮಾತು ಎಲ್ಲೋ ಹೋಗಿತ್ತು. ಒಬ್ಬರ ತಪ್ಪನ್ನು ಹಿಡಿದುಕೊಂಡು ಇನ್ನೊಬ್ಬರ ಅಳಲನ್ನು ಹೂತುಹಾಕುವುದು ಅಂದರೆ ಇದೇ.

ಇನ್ನೊಂದು ಸಂಗತಿ ಹೇಳಬೇಕು. ಎರಡೇ ತಿಂಗಳಾದ ಮೇಲೆ, 2010ರ ಏಪ್ರಿಲ್ 28ರಂದು, ಬ್ರೌನ್ ರಾಚ್‌ಡೇಲ್ ಎಂಬ ಊರಿಗೆ ಪ್ರಚಾರಕ್ಕೆ ಹೋಗಿದ್ದರು. ಜೀವನಪೂರ್ತಿ ಲೇಬರ್ ಪಕ್ಷಕ್ಕೇ ಓಟು ಹಾಕಿದ್ದ ನಿವೃತ್ತ ಹೆಂಗಸೊಬ್ಬರು ಅವರನ್ನು ನಿಲ್ಲಿಸಿ ಒಂದಿಷ್ಟು ಖಾರವಾಗಿಯೇ ಪ್ರಶ್ನೆ ಕೇಳಿದರು. ಪ್ರಧಾನಿ ನಕ್ಕು ಮಾತಾಡಿ, ಬೆನ್ನು ತಟ್ಟಿ ಕಾರು ಹತ್ತಿದರು. ಕೋಟಿಗೆ ಸಿಕ್ಕಿಸಿದ್ದ ಮೈಕು ತೆಗೆಯುವುದನ್ನು ಮರೆತಿದ್ದರು. ಕಾರಿನೊಳಗೆ ಆಡಿದ್ದೆಲ್ಲ ದೇಶಕ್ಕೇ ಕೇಳಿಸಿತು. ಆ ಹೆಂಗಸನ್ನು ಸಂಕುಚಿತ ಬುದ್ಧಿಯವಳು ಅಂದದ್ದು ಎಲ್ಲರಿಗೂ ನೆನಪಿದೆ. ಅದಕ್ಕಾಗಿ ಅವರ ಮನೆಗೇ ಹೋಗಿ ಕ್ಷಮೆ ಕೇಳಿದ್ದೂ ನೆನಪಿದೆ. ಆದರೆ ಅದಕ್ಕೂ ಮೊದಲು ಅವರ ಬಾಯಿಂದ ಬಂದದ್ದು ಬೇರೆ ಮಾತು. ನನ್ನನ್ನು ಆ ಹೆಂಗಸಿನ ಜೊತೆ ನಿಲ್ಲಿಸಬಾರದಿತ್ತು, ಇದು ಯಾರ ಐಡಿಯಾ ಅಂತ ಪಕ್ಕದಲ್ಲಿದ್ದ ಸಹಾಯಕರನ್ನು ಕೇಳಿದರು. ಇದರಿಂದ ಹಳೆಯ ಆರೋಪ ಸಾಬೀತಾಯಿತು ಅಂತ ನಾವು ಹೇಳುತ್ತಿಲ್ಲ. ತಪ್ಪಾಯಿತು ಅನ್ನಿಸಿದ ಗಳಿಗೆಯಲ್ಲಿ ಮೇಲೆ ಕೂತವರ ಬೆರಳು ಎತ್ತ ಕಡೆ ತಿರುಗುತ್ತದೆ ಅನ್ನುವುದನ್ನು ಆ ಮೈಕು ತೋರಿಸಿತು. ನೀರು ಇಳಿಜಾರಿಗೆ ಹರಿದ ಹಾಗೆ ತಪ್ಪೂ ಕೆಳಗೇ ಹರಿಯುತ್ತದೆ.

ಹಾಗಾದರೆ ಎದುರು ಪಕ್ಷದವರು ಸಾಚಾಗಳೇ? ಅದನ್ನೂ ನೋಡೋಣ. 2010ರಲ್ಲಿ ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮರೂನ್, ಇದು ಬಹಳ ಗಂಭೀರ ವಿಷಯ, ವಿಚಾರಣೆ ಆಗಬೇಕು ಅಂದರು. ಮೇ ತಿಂಗಳಲ್ಲಿ ಚುನಾವಣೆ ನಡೆದು ಅಧಿಕಾರ ಅವರ ಕೈಗೆ ಬಂತು. ಹತ್ತು ವರ್ಷದ ಮೇಲೆ ಅದೇ ಪಕ್ಷದ ಗೃಹಮಂತ್ರಿ ಪ್ರೀತಿ ಪಟೇಲ್ ಮೇಲೆ ಅದೇ ಆರೋಪ ಬಂತು. ಅವರ ಇಲಾಖೆಯ ಅತ್ಯಂತ ಹಿರಿಯ ಅಧಿಕಾರಿ ಫಿಲಿಪ್ ರಟ್ನಮ್ 2020ರ ಫೆಬ್ರವರಿ 29ರಂದು ರಾಜೀನಾಮೆ ಕೊಟ್ಟು ಸರ್ಕಾರದ ಮೇಲೆ ಕೇಸು ಹಾಕಿದರು. ಈ ಸಲ ವಿಚಾರಣೆಯೂ ನಡೆಯಿತು. ಪ್ರಧಾನಿಯ ಸಲಹೆಗಾರ ಅಲೆಕ್ಸ್ ಅಲನ್, ಮಂತ್ರಿಯ ನಡವಳಿಕೆಯಿಂದ ನೀತಿ ಸಂಹಿತೆ ಮುರಿದಿದೆ, ಬೇಕಂತ ಮಾಡಿರದಿದ್ದರೂ ಅದು ದಬಾಯಿಸಿದಂತೆಯೇ ಅಂತ ವರದಿ ಕೊಟ್ಟರು. ಪ್ರಧಾನಿ ಬೋರಿಸ್ ಜಾನ್ಸನ್ ಅದನ್ನು ಓದಿ, ಸಂಹಿತೆ ಮುರಿದಿಲ್ಲ, ಮಂತ್ರಿಯ ಮೇಲೆ ನನಗೆ ಪೂರ್ಣ ವಿಶ್ವಾಸ ಇದೆ ಅಂದರು. ಕೊನೆಗೆ 2020ರ ನವೆಂಬರ್ 20ರಂದು ಕುರ್ಚಿ ಬಿಟ್ಟವರು ಯಾರು? ಮಂತ್ರಿಯಲ್ಲ. ವರದಿ ಬರೆದ ಅಲನ್! ರಟ್ನಮ್ ಹಾಕಿದ ಕೇಸನ್ನು ಸರ್ಕಾರ 2021ರಲ್ಲಿ ತಪ್ಪೊಪ್ಪಿಕೊಳ್ಳದೆಯೇ 3,40,000 ಪೌಂಡು ಕೊಟ್ಟು ಮುಗಿಸಿತು. ಅದು ಜನರ ತೆರಿಗೆಯ ದುಡ್ಡು.

'ಬೇಕಂತ ಮಾಡಿದ್ದಲ್ಲ' ಅನ್ನುವುದು ನಾಲ್ಕನೆಯ ಕೈಚಳಕ. ತುಳಿದವನಿಗೆ ಗೊತ್ತಾಗಲಿಲ್ಲ ಅಂದ ಮಾತ್ರಕ್ಕೆ ತುಳಿಸಿಕೊಂಡವನ ಕಾಲು ನೋಯುವುದಿಲ್ಲವೇ? ಸರ್ಕಾರಿ ಅಧಿಕಾರಿಗಳ ಯೂನಿಯನ್ನು ಕೋರ್ಟಿಗೆ ಹೋಯಿತು. 2021ರ ಡಿಸೆಂಬರಿನಲ್ಲಿ ಕೇಸು ಬಿದ್ದುಹೋಯಿತು, ಆದರೆ ಗೊತ್ತಿರಲಿಲ್ಲ, ಉದ್ದೇಶ ಇರಲಿಲ್ಲ ಅನ್ನುವುದು ನೆಪವಾಗಲಾರದು ಅನ್ನುವ ಮಾತು ಮಾತ್ರ ತೀರ್ಪಿನಲ್ಲಿ ಉಳಿಯಿತು. ಪಟೇಲ್ ಅವರ ತಂದೆತಾಯಿ ಉಗಾಂಡದಿಂದ ಬ್ರಿಟನ್ನಿಗೆ ಹೋಗಿ ನೆಲೆಸಿದ ಗುಜರಾತಿಗಳು. ಬಿಳಿಯರ ನಾಡಿನಲ್ಲಿ ವಲಸೆ ಬಂದವರ ಮಗಳು ಗೃಹಮಂತ್ರಿ ಆದದ್ದು ಸಣ್ಣ ಮಾತಲ್ಲ. ಆದರೆ ಕೂರುವವರು ಬದಲಾದ ಮಾತ್ರಕ್ಕೆ ಕುರ್ಚಿಯ ಗುಣ ಬದಲಾಗುವುದಿಲ್ಲ ಅನ್ನುವುದನ್ನು ನಾವು ಬರೆದಿಟ್ಟುಕೊಳ್ಳಬೇಕು.

ಮೂರನೆಯವರು ಡೊಮಿನಿಕ್ ರಾಬ್, ಉಪಪ್ರಧಾನಿ. ಅವರ ಮೇಲೆ 8 ದೂರು ಬಂದವು. ವಿಚಾರಣೆ ಮಾಡಿದ ವಕೀಲರು ಎರಡು ವಿಷಯದಲ್ಲಿ ತಪ್ಪು ಕಂಡರು. 2023ರ ಏಪ್ರಿಲ್ 21ರಂದು ರಾಬ್ ರಾಜೀನಾಮೆ ಕೊಟ್ಟರು. ಕೊಟ್ಟ ಮಾತಿನಂತೆ ನಡೆದರು, ಒಪ್ಪೋಣ. ಆದರೆ ರಾಜೀನಾಮೆ ಪತ್ರದಲ್ಲಿ ಏನು ಬರೆದರು? ನಾನು ಯಾರ ಮೇಲೂ ಕೂಗಿಲ್ಲ, ಏನನ್ನೂ ಎಸೆದಿಲ್ಲ, ದಬ್ಬಾಳಿಕೆಯ ಮಟ್ಟವನ್ನು ಇಷ್ಟು ಕೆಳಗೆ ಇಟ್ಟರೆ ಮುಂದೆ ಆಡಳಿತವೇ ಕೆಡುತ್ತದೆ ಅಂತ. ಅಂದರೆ ನಾನು ಎತ್ತರ ಜಿಗಿಯಲಿಲ್ಲ, ನೀವೇ ಬೇಲಿ ಗಿಡ್ಡ ಮಾಡಿದಿರಿ ಅಂತ!

ಗೆಳೆಯರೇ, ಇಂಗ್ಲಿಷಿನಲ್ಲಿ ಏಕವಚನ ಬಹುವಚನದ ಭೇದ ಇಲ್ಲ. ರಾಣಿಗೂ 'ಯು', ಜಾಡಮಾಲಿಗೂ 'ಯು'. ನಮ್ಮಲ್ಲಿ ಹಾಗಲ್ಲ. ಬಾಯಿ ತೆರೆದ ಕೂಡಲೇ ಯಾರು ಮೇಲು ಯಾರು ಕೆಳಗು ಅಂತ ಗೊತ್ತಾಗುತ್ತದೆ. ಭಾಷೆ ಸರಿಯಾದರೆ ದರ್ಪ ಹೋಗುತ್ತದೆ ಅಂತ ನಾವು ಅಂದುಕೊಂಡಿದ್ದರೆ ಅದು ತಪ್ಪು. ದರ್ಪ ಇರುವುದು ವ್ಯಾಕರಣದಲ್ಲಿ ಅಲ್ಲ. ಒಬ್ಬರ ಅನ್ನ ಇನ್ನೊಬ್ಬರ ಕೈಯಲ್ಲಿ ಇರುವ ಜಾಗದಲ್ಲಿ ಅದು ಹುಟ್ಟುತ್ತದೆ. ಅಲ್ಲಿ ಒಂದು ಕಡೆ ಪತ್ರಿಕಾ ಕಾರ್ಯದರ್ಶಿಗಳ ದಂಡು ಇರುತ್ತದೆ. ಇನ್ನೊಂದು ಕಡೆ ಬಾಯಿ ಬಿಟ್ಟರೆ ಬಡ್ತಿ ಹೋದೀತು, ಕೆಲಸ ಹೋದೀತು ಅನ್ನುವ ಭಯ ಇರುತ್ತದೆ. ಹೀಗಿರುವಾಗ, ಆರೋಪ ಮಾಡಿದವರು ಹೆಸರು ಯಾಕೆ ಹೇಳುವುದಿಲ್ಲ ಅಂತ ಸವಾಲು ಹಾಕುವುದು ಶೌರ್ಯವಲ್ಲ, ನಾಚಿಕೆಗೇಡು.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಲೇಬರ್ ಪಕ್ಷ ಶ್ರೀಮಂತರು ಕಟ್ಟಿದ್ದಲ್ಲ. 1900ರಲ್ಲಿ ಕಾರ್ಮಿಕ ಸಂಘಟನೆಗಳು ಸೇರಿ ಹುಟ್ಟುಹಾಕಿದ್ದು. ಅದರ ನಾಯಕನ ಮೇಲೆ ಟೈಪಿಸ್ಟೊಬ್ಬರನ್ನು ಕಾಡಿದ ಆರೋಪ ಬಂದಾಗ ಪಕ್ಷದ ಒಳ್ಳೆಯ ಜನರೂ ಕೂಡ, ಚುನಾವಣೆ ಹತ್ತಿರ ಬಂದಿದೆ, ಈಗ ಇದನ್ನು ಎತ್ತಿದರೆ ಲಾಭ ಶತ್ರುಗಳಿಗೆ ಅಂತ ಯೋಚಿಸಿದ್ದರೆ ಆಶ್ಚರ್ಯವಿಲ್ಲ. ಶತ್ರುಗಳಿಗೆ ಲಾಭ ಆಗುವುದು ನಿಜ. ವಿಚಾರಣೆ ಕೇಳಿದವರಿಗೆ ಆ ಟೈಪಿಸ್ಟಿನ ಮೇಲೆ ಪ್ರೀತಿ ಉಕ್ಕಿ ಬಂದಿರಲಿಲ್ಲ ಅನ್ನುವುದನ್ನು 2020 ತೋರಿಸಿಕೊಟ್ಟಿತು. ಹಾಗಂತ ಬಾಯಿ ಮುಚ್ಚಿಸಬಹುದೇ? ದುಡಿಯುವವರ ಹೆಸರಿನಲ್ಲಿ ಕಟ್ಟಿದ ಮನೆಯೊಳಗೆ ದುಡಿಯುವವಳೊಬ್ಬಳು ಅಳುತ್ತಿದ್ದರೆ, ಕಿಟಕಿ ಮುಚ್ಚುವುದು ಮನೆಯ ಮಾನ ಉಳಿಸುವ ದಾರಿಯಲ್ಲ. ಅಳು ಕೇಳಿದ್ದು ಹೊರಗಿನವರಿಗೆ ಅನುಕೂಲವಾಯಿತು ಅಂತ ಅಳುವವಳನ್ನು ಬೈಯುವುದಾದರೆ, ಆ ಮನೆ ಯಾರದು?

ರಾಜಕೀಯದಲ್ಲಿ ಭಕ್ತಿ ಬಂದರೆ ಅದು ಅಧಃಪತನಕ್ಕೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ ಅಂತ ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಆ ಮಾತು ದೊಡ್ಡ ಸರ್ವಾಧಿಕಾರಿಗಳಿಗೆ ಮಾತ್ರ ಅನ್ವಯ ಅಂತ ನಾವು ಓದಿಕೊಂಡು ಬಂದಿದ್ದೇವೆ. ಆದರೆ ಭಕ್ತಿ ಶುರುವಾಗುವುದು ಸಣ್ಣದರಲ್ಲಿ. ಅಣ್ಣ ಇವತ್ತು ಡ್ರೈವರಿಗೆ ಯಾಕೋ ಬೈದರು ಅಂತ ಒಬ್ಬ ಅಂದಾಗ, ಪಾಪ ಅಣ್ಣನಿಗೆ ಎಷ್ಟು ಟೆನ್ಷನ್ ಇರುತ್ತೆ ಅಂತ ಇನ್ನೊಬ್ಬ ಅನ್ನುತ್ತಾನಲ್ಲ, ಅಲ್ಲಿ ಶುರುವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ದೂರು ಕೊಡುವ ಜಾಗ ದೂರು ಯಾರ ಮೇಲೋ ಅವರ ಕೈಕೆಳಗೆ ಇರಬಾರದು. ತೀರ್ಪು ಕೊಡುವವರು ಅವರ ಗೆಳೆಯರಾಗಿರಬಾರದು. ಆರೋಪ ಹೊತ್ತವರಿಗೂ ಪೂರ್ತಿ ಮಾತಾಡಲು ಅವಕಾಶ ಇರಬೇಕು, ಯಾಕೆಂದರೆ ಸುಳ್ಳು ಆರೋಪವೂ ಒಂದು ದಬ್ಬಾಳಿಕೆಯೇ. ವಿಚಾರಣೆ ಮುಗಿದ ಮೇಲೆ ದೂರು ಕೊಟ್ಟವರು ಅದೇ ಕೆಲಸದಲ್ಲಿ ತಲೆ ಎತ್ತಿ ಇರುವಂತಿರಬೇಕು. ಬ್ರಿಟನ್ನಿನಲ್ಲಿ ಪ್ರಧಾನಿ ಒಪ್ಪದೆ ಸಲಹೆಗಾರರು ಮಂತ್ರಿಯ ಮೇಲೆ ವಿಚಾರಣೆಯನ್ನೇ ಶುರು ಮಾಡುವಂತಿರಲಿಲ್ಲ. 2024ರ ನವೆಂಬರಿನಲ್ಲಿ ನಿಯಮ ಬದಲಿಸಿ ತಾವಾಗಿಯೇ ಶುರು ಮಾಡುವ ಅಧಿಕಾರ ಕೊಟ್ಟರು. ಕೊನೆಯ ಮಾತು ಮಾತ್ರ ಪ್ರಧಾನಿಯದೇ. ಬಾಗಿಲು ಅರ್ಧ ತೆರೆದಿದೆ ಅನ್ನಬಹುದು.

ಅದು ಅವರ ಕಾನೂನಿನ ಮಾತಾಯಿತು. ನಮ್ಮ ಕೈಯಲ್ಲಿ ಇರುವುದು ಇನ್ನೂ ಸರಳ. ಮುಂದಿನ ಸಲ ಯಾರಾದರೂ ನಿಮ್ಮ ಎದುರು 'ಬಾಯಿ ಜೋರು, ಮನಸ್ಸು ಬೆಣ್ಣೆ' ಅಂದರೆ ಒಂದೇ ಪ್ರಶ್ನೆ ಕೇಳಿ. ತನಗಿಂತ ದೊಡ್ಡವರ ಎದುರಿನಲ್ಲೂ ಅವರ ಬಾಯಿ ಅಷ್ಟೇ ಜೋರಾಗಿರುತ್ತದೆಯೇ? ಹೌದು ಅಂದರೆ ಅದು ಸ್ವಭಾವ ಅಂತ ನಂಬೋಣ. ಇಲ್ಲ ಅಂದರೆ ಅದು ಸ್ವಭಾವವಲ್ಲ, ಲೆಕ್ಕಾಚಾರ.

ಈ ಪ್ರಶ್ನೆಯನ್ನು ಮೊದಲು ನಮಗೆ ನಾವೇ ಕೇಳಿಕೊಳ್ಳೋಣ. ಇವತ್ತು ರಾತ್ರಿ ಹಾಸ್ಟೆಲಿನಲ್ಲಿ ಸಾರು ತಣ್ಣಗಿದ್ದರೆ, ಬಡಿಸುವವರ ಜೊತೆ ಯಾವ ವಚನದಲ್ಲಿ ಮಾತಾಡುತ್ತೇವೆ ಅನ್ನುವುದರಿಂದಲೇ ಶುರು ಮಾಡೋಣ.