ಲಿಂಕರ್ ದೋಷವನ್ನು ಮಕ್ಕಳೇ ಓದಲಿ

ಸಿ ಭಾಷೆಯ ಅಭ್ಯಾಸ ಪಾಠಗಳಲ್ಲಿ ನಾವು ಪ್ರಶಿಕ್ಷಣಾರ್ಥಿಗಳು ಹೆಚ್ಚು ಅಂಜುವುದು ಲಿಂಕರ್ ದೋಷಕ್ಕೆ. ಅರ್ಧವಿರಾಮ ಬಿಟ್ಟರೆ ಕಂಪೈಲರ್ ಸಾಲಿನ ಸಂಖ್ಯೆ ತೋರಿಸುತ್ತದೆ, ಮಕ್ಕಳೇ ತಿದ್ದಿಕೊಳ್ಳುತ್ತಾರೆ. ಲಿಂಕರ್ ಬಹಳ ಸಲ ಸಾಲನ್ನೇ ಹೇಳುವುದಿಲ್ಲ. "ಸರ, ತಪ್ಪೇನೂ ಇಲ್ರಿ, ಆದ್ರ ರನ್ ಆಗವಲ್ದು" ಎಂದು ಹುಡುಗಿ ಎದ್ದು ನಿಂತರೆ, ಹಿಂದಿನ ಬೆಂಚಿನಲ್ಲಿ ವೀಕ್ಷಕರು ಇರುವ ಕಾರಣಕ್ಕೆ ಕೀಲಿಮಣೆಯನ್ನು ತಮ್ಮತ್ತ ಎಳೆದುಕೊಂಡು ಸರಿಪಡಿಸಿಬಿಡುವ ರೂಢಿ ನಮ್ಮಲ್ಲಿದೆ. ಮನೆಯಲ್ಲಿ ಗಣಕಯಂತ್ರವಿಲ್ಲದ ಮಗುವಿಗೆ ಸಿಗುವುದು ಆ ಒಂದೇ ಅವಧಿ. ಯಂತ್ರ ಸರ್ ಮಾತು ಮಾತ್ರ ಕೇಳುತ್ತದೆ ಎಂಬುದನ್ನಷ್ಟೇ ಕಲಿತು ಅದು ಮನೆಗೆ ಹೋಗುತ್ತದೆ.

ಲಿಂಕರ್ ಹೇಳುವುದು ನಿಜಕ್ಕೂ ಸರಳ. ಇಟ್ಟಂಗಿಹಾಳ, ತಿಕೋಟಾ ಕಡೆಯ ಮಕ್ಕಳಿಗೆ ಜಾತ್ರೆಯ ನಾಟಕ ಹೊಸದಲ್ಲ. ಕರಪತ್ರದಲ್ಲಿ ಪಾತ್ರಧಾರಿಗಳ ಹೆಸರು ಅಚ್ಚಾಗಿರುತ್ತದೆ. ಕಂಪೈಲರ್ ನೋಡುವುದು ಆ ಕರಪತ್ರವನ್ನು. ರಾತ್ರಿ ಹೆಸರು ಕೂಗಿ ಆಳನ್ನು ರಂಗದ ಮೇಲೆ ತರುವವನು ಲಿಂಕರ್. "ಅನ್‌ಡಿಫೈನ್ಡ್ ರೆಫರೆನ್ಸ್" ಎಂದರೆ ಹೆಸರು ಕೂಗಿದೆ, ಆಳು ಸಿಗಲಿಲ್ಲ ಎಂದು. ಕನ್ನಡ ಮಾಧ್ಯಮದ ಮಗುವಿಗೆ ಇಷ್ಟು ಹೇಳಿದರೆ ಸಾಕು.

ವರ್ಗಮೂಲದ ಪ್ರೋಗ್ರಾಮ್ ಇದಕ್ಕೆ ಒಳ್ಳೆಯ ಪಾಠ. ಮ್ಯಾಥ್.ಎಚ್ ಸೇರಿಸಿದ್ದರೂ ಲಿನಕ್ಸ್‌ನ ಜಿಸಿಸಿಯಲ್ಲಿ ಸ್ಕ್ವೇರ್‌ರೂಟ್ ಫಂಕ್ಷನ್ ಸಿಗಲಿಲ್ಲ ಎಂಬ ದೂರು ಬರುತ್ತದೆ. ಹೆಡರ್ ಫೈಲು ಬರೀ ಕರಪತ್ರ. ಆಳು ಇರುವುದು ಗಣಿತದ ಲೈಬ್ರರಿಯಲ್ಲಿ. ಆದೇಶದ ಸಾಲಿನಲ್ಲಿ ಫೈಲಿನ ಹೆಸರಾದ ಮೇಲೆ ಹೈಫನ್, ಎಲ್, ಎಂ ಸೇರಿಸಿ ಅದನ್ನು ಕರೆಯಬೇಕು. ಇನ್ನೊಂದು ಸ್ವಾರಸ್ಯವಿದೆ. ಆವರಣದೊಳಗೆ 25 ಎಂದು ನೇರವಾಗಿ ಬರೆದವನ ಪ್ರೋಗ್ರಾಮ್ ಓಡುತ್ತದೆ, ಸಂಖ್ಯೆಯನ್ನು ಬಳಕೆದಾರರಿಂದ ಪಡೆದ ಪಕ್ಕದವಳದು ನಿಲ್ಲುತ್ತದೆ. ಸ್ಥಿರ ಸಂಖ್ಯೆಯ ಲೆಕ್ಕವನ್ನು ಕಂಪೈಲರ್ ತಾನೇ ಮುಗಿಸಿ 5 ಎಂದು ಇಟ್ಟುಬಿಡುವುದರಿಂದ ಅಲ್ಲಿ ಲೈಬ್ರರಿಯ ಹಂಗೇ ಇಲ್ಲ. ಈ ಎರಡು ಪರದೆಗಳನ್ನು ಅಕ್ಕಪಕ್ಕ ಇಟ್ಟು "ಯಾಕ?" ಎಂದು ಕೇಳಿದರೆ ತರಗತಿ ತಾನೇ ಮಾತಾಡುತ್ತದೆ. 5ಇ ಯೋಜನೆಯ ಅನ್ವೇಷಣೆ ಹಂತಕ್ಕೆ ನಾವು ಬೇರೆ ಚಟುವಟಿಕೆ ಹುಡುಕಬೇಕಿಲ್ಲ. ಹಳೆಯ ಟರ್ಬೊ ಸಿ ಇರುವಲ್ಲಿ ಗ್ರಾಫಿಕ್ಸ್ ಲೈಬ್ರರಿಯ ಗುರುತು ತೆಗೆದಿಟ್ಟರೂ ಇಂಥದ್ದೇ ದೋಷ ಸಿಗುತ್ತದೆ.

ಮೇನ್ ಎಂಬುದರ ಕಾಗುಣಿತ ತಪ್ಪಿದಾಗಲೂ ಅಷ್ಟೇ: ಕಂಪೈಲರ್ ಸುಮ್ಮನಿರುತ್ತದೆ, ಲಿಂಕರ್ ಮೇನ್ ಎಲ್ಲಿ ಎನ್ನುತ್ತದೆ. ಯಾವ ಹೆಸರು ಕೇಳುತ್ತಿದೆ, ನೀನು ಅದನ್ನೇ ಬರೆದಿದ್ದೀಯಾ, ಅದು ಯಾವ ಫೈಲಿನಲ್ಲಿದೆ ಎಂದು ಕೇಳಿ ಕಾಯಬೇಕು. ಕಾಯುವುದೇ ಕಷ್ಟ.

ಈಗ ಪಿಯುಗೆ ಪೈಥಾನ್ ಬಂದಿದೆ, ಲಿಂಕರ್ ಯಾಕೆ ಎನ್ನುವವರಿದ್ದಾರೆ. ಹಾಕಿಕೊಳ್ಳದ ಮಾಡ್ಯೂಲನ್ನು ಇಂಪೋರ್ಟ್ ಮಾಡಿದರೆ ಪೈಥಾನ್ ಕೂಡ ಹೆಸರು ಹೇಳಿ ನಿಲ್ಲುತ್ತದೆ. ಓದುವ ಅಭ್ಯಾಸ ಅಲ್ಲಿಯೂ ಬೇಕು.

ಸಮಯ ಸಾಲದು ಎಂಬ ಆಕ್ಷೇಪ ಮಾತ್ರ ನಿಜ. ಅದಕ್ಕೇ ಇದು ಪ್ರಶಿಕ್ಷಣಾರ್ಥಿಯ ಧೈರ್ಯಕ್ಕೆ ಬಿಡುವ ವಿಷಯವಲ್ಲ. ಪ್ರಾಯೋಗಿಕ ರೆಕಾರ್ಡಿನಲ್ಲಿ ಇಂದು ಸರಿಯಾದ ಔಟ್‌ಪುಟ್‌ಗೆ ಮಾತ್ರ ಜಾಗ. ಬಂದ ದೋಷ ಮತ್ತು ಅದನ್ನು ಬಿಡಿಸಿದ ಬಗೆಗೂ ಒಂದು ಪುಟ ಇರಲಿ. ಶಿಕ್ಷಕ ಕೀಲಿಮಣೆ ಮುಟ್ಟದೆ ಮಗುವಿನಿಂದಲೇ ದೋಷ ಬಿಡಿಸಿದನೇ ಎಂಬ ಒಂದು ಕಲಮನ್ನು ನಮ್ಮ ಪ್ರಾಧ್ಯಾಪಕರು ಮುಂದಿನ ಸೆಮಿಸ್ಟರ್‌ನ ಪಾಠ ವೀಕ್ಷಣಾ ನಮೂನೆಗೆ ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ.